ಡಾರ್ಸಿ ಟಿಲ್ಮನ್ ಸತ್ತ ಮಂಗಳವಾರ

ಅಮೆರಿಕದ ಟೊಲಿಡೊ ಊರಿನ ಪೂರ್ವ ಭಾಗದಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಪ್ರತಿ ಮಂಗಳವಾರ ಸಂಜೆ ಅಪ್ಪಂದಿರನ್ನು ತಿದ್ದುವ ಕೆಲಸ ನಡೆಯುತ್ತಿತ್ತು. ಕಾರ್ಯಕ್ರಮದ ಹೆಸರು 'ಅಪ್ಪನ ಹೆಜ್ಜೆ'. ಮಕ್ಕಳು ತಾಯಿಯ ಮನೆಯಲ್ಲಿದ್ದು, ಕೋರ್ಟು ಹೇಳಿದ ದಿನ ಮಾತ್ರ ಅವರ ಮುಖ ನೋಡುವ ಗಂಡಸರಿಗೆ ಅಲ್ಲಿ ಹದಿನಾರು ಪಾಠ, ಪಾಠಕ್ಕೆ ಎರಡು ತುಂಡು ಪಿಜ್ಜಾ. ಪಾಠ ಹೇಳುವವನು ಇಪ್ಪತ್ತಾರರ ಹುಡುಗ. ಮದುವೆಯಿಲ್ಲ, ಮಕ್ಕಳಿಲ್ಲ, ಸಾಕಿದ ಬೆಕ್ಕೂ ಇಲ್ಲ. ಮಗುವಿನ ಜೊತೆ ಮಾತಾಡುವಾಗ ಮೊಣಕಾಲೂರಿ ಕೂರಬೇಕು ಎಂದು ಅವನು ನಲವತ್ತು ದಾಟಿದವರಿಗೆ ಕಲಿಸುತ್ತಿದ್ದ. ಅವರು ಪಿಜ್ಜಾ ತಿನ್ನುತ್ತಾ ಹೂಂಗುಟ್ಟುತ್ತಿದ್ದರು.

ಕಾರ್ಯಕ್ರಮದ ಜೀವ ಮಾತ್ರ ಪಾಠದಲ್ಲಿರಲಿಲ್ಲ. ಅದು ಇದ್ದದ್ದು ಬಾಗಿಲ ಪಕ್ಕದ ಮೇಜಿನಲ್ಲಿ, ವರ್ಲೀನ್ ಹ್ಯಾಚರ್ ಎದುರಿನ ಕಂಪ್ಯೂಟರಿನಲ್ಲಿ. ಯಾರು ಬಂದರು, ಎಷ್ಟು ನಿಮಿಷ ಕೂತರು, ಕಳೆದ ಮೂವತ್ತು ದಿನದಲ್ಲಿ ಮಗುವನ್ನು ಎಷ್ಟು ಸಲ ನೋಡಿದರು, ನೋಡಿ ಸಂತೋಷವಾಯಿತೆ, ಆಗಿದ್ದರೆ ಐದಕ್ಕೆ ಎಷ್ಟು, ಎಲ್ಲಕ್ಕೂ ಅದರಲ್ಲಿ ಒಂದೊಂದು ಖಾನೆ. ವರ್ಲೀನ್ ಇಪ್ಪತ್ತೆಂಟು ವರ್ಷ ಶಾಲೆಯೊಂದರಲ್ಲಿ ಮಕ್ಕಳ ಹಾಜರಿ ಬರೆದು ಹಣ್ಣಾದ ಹೆಂಗಸು. ಯಂತ್ರವನ್ನೇ ಪೂರ್ತಿ ನಂಬುವಷ್ಟು ಅವಳ ತಲೆ ಕೆಟ್ಟಿರಲಿಲ್ಲ. ಪಕ್ಕದಲ್ಲೇ ನೀಲಿ ರಟ್ಟಿನ ಹಾಜರಿ ಪುಸ್ತಕವೊಂದನ್ನು ಇಟ್ಟುಕೊಂಡು, ಖಾನೆಯಲ್ಲಿ ಹಿಡಿಸದ್ದನ್ನೆಲ್ಲ ಅದರಲ್ಲಿ ಬರೆಯುತ್ತಿದ್ದಳು.

ನಿರ್ದೇಶಕ ಪ್ರೆಸ್ಟನ್ ವಿಟ್ಲಾಕ್‌ಗೆ ಆ ಪುಸ್ತಕ ಕಂಡರೆ ಮೈ ಉರಿ. ಅವನಿಗೆ ಲೋಕದಲ್ಲಿ ಪ್ರೀತಿಯಿದ್ದದ್ದು ಒಂದೇ ಅಂಕಿಯ ಮೇಲೆ: ಎಂಬತ್ತು. ಸೇರಿದ ನೂರು ಅಪ್ಪಂದಿರಲ್ಲಿ ಎಂಬತ್ತು ಮಂದಿ ಹದಿನಾರೂ ಪಾಠ ಮುಗಿಸಬೇಕು. ಎಪ್ಪತ್ತೊಂಬತ್ತಕ್ಕೆ ಇಳಿದರೆ ರಾಜ್ಯ ಸರ್ಕಾರದವರು ಕಾರ್ಯಕ್ರಮಕ್ಕೆ ಬೀಗ ಹಾಕಿಸುತ್ತಾರೆ. ಆ ಅಂಕಿಯನ್ನು ಅವನು ಗೋಡೆಗೆ ಅಂಟಿಸಿದ್ದ, ಕಾಫಿ ಯಂತ್ರಕ್ಕೆ ಅಂಟಿಸಿದ್ದ, ಗಂಡಸರ ಶೌಚಾಲಯದ ಬಾಗಿಲಿಗೂ ಅಂಟಿಸಿದ್ದ.

ಅಂಥ ಅಪ್ಪಂದಿರಲ್ಲಿ ಡಾರ್ಸಿ ಟಿಲ್ಮನ್ ಒಬ್ಬ. ಗಾಜಿನ ಕಾರ್ಖಾನೆಯ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವನು. ಹದಿನೈದು ಪಾಠಗಳಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ. ಜನವರಿಯಲ್ಲಿ ಬಸ್ಸು ತಪ್ಪಿದಾಗ ಹಿಮದಲ್ಲಿ ನದಿಯ ಸೇತುವೆ ದಾಟಿ ನಾಲ್ಕು ಮೈಲಿ ನಡೆದು ಬಂದಿದ್ದ. ಕಂಪ್ಯೂಟರ್ ಅಂದು ಅವನ ಬಗ್ಗೆ ಬರೆದುಕೊಂಡದ್ದು 'ಹನ್ನೆರಡು ನಿಮಿಷ ತಡ' ಅಂತ ಮಾತ್ರ.

ಮಾರ್ಚಿಯ ಒಂದು ಮಂಗಳವಾರ ಅವನು ಹದಿನಾರನೆಯ ಪಾಠಕ್ಕೆ ಬಂದಾಗ ಜೊತೆಯಲ್ಲಿ ಎಂಟು ವರ್ಷದ ಮಗಳು ಓಪಲ್ ಇದ್ದಳು. ಕೈಯಲ್ಲಿ ಡೋನಟ್ ಡಬ್ಬ, ತಲೆಯಲ್ಲಿ ಎರಡು ಜಡೆ, ಒಂದು ಮೇಲೆ ಒಂದು ಕೆಳಗೆ.

"ಈ ಜಡೆ ಯಾರು ಹಾಕಿದ್ದೇ ಪುಟ್ಟಿ?" ಎಂದಳು ವರ್ಲೀನ್.

"ಅಪ್ಪ. ಕಲೀತಾ ಇದಾನೆ, ಪಾಪ. ಬೈಬೇಡಿ."

ಡಾರ್ಸಿಯ ಮುಖ ಊರಗಲವಾಗಿತ್ತು. "ಭಾನುವಾರದಿಂದ ನಂಜೊತೆನೇ ಇದಾಳೆ, ಮಿಸ್ ವರ್ಲೀನ್. ಇವಳಮ್ಮ ಕೀಶಾಗೆ ಲಾರಿ ಓಡಿಸೋ ಕೆಲಸ ಸಿಕ್ತು, ಮೂರು ವಾರಕ್ಕೊಂದ್ಸಲ ಊರಿಗೆ ಬರೋದು. 'ನೀನೇ ನೋಡ್ಕೋ' ಅಂದ್ಲು. ಗುರುವಾರ ಕೋರ್ಟಲ್ಲಿ ಸಹಿ ಬಿದ್ರೆ ಆಯ್ತು. ಹದಿನಾರು ಪಾಠ ಮುಗಿಸಿದ ಕಾಗದ ತಗೊಂಡು ಬಾ ಅಂತ ಮ್ಯಾಜಿಸ್ಟ್ರೇಟ್ ಮೊದಲೇ ಹೇಳಿದಾರೆ."

"ಕಾಗದ ಇಲ್ದೇ ಹೋದ್ರೆ?"

"ಪಕ್ಕದ ಇಂಡಿಯಾನಾ ರಾಜ್ಯದಲ್ಲಿರೋ ಇವಳ ಚಿಕ್ಕಮ್ಮನ ಮನೆಗೆ ಕಳಿಸ್ತಾರೆ. ನಾಲ್ಕು ಗಂಟೆ ದಾರಿ." ಅವನು ದನಿ ತಗ್ಗಿಸಿದ. "ಆ ಮಾತು ಇವಳ ಮುಂದೆ ಬೇಡ."

ವರ್ಲೀನ್‌ಗೆ ಕಣ್ಣು ತುಂಬಿ ಬಂತು. ಈ ಮೇಜಿನ ಹಿಂದೆ ಕೂತ ಮೂರು ವರ್ಷದಲ್ಲಿ ಮಗು ಮನೆಗೆ ಬಂದ ಸುದ್ದಿಯನ್ನು ಅವಳು ಕೇಳಿದ್ದು ಅದೇ ಮೊದಲು. ಅದೇ ಖುಷಿಯಲ್ಲಿ 'ಮಗು ಯಾರ ಜೊತೆ ಇದೆ' ಎಂಬ ಖಾನೆಯಲ್ಲಿ 'ತಾಯಿ' ತೆಗೆದು 'ತಂದೆ' ಎಂದು ಒತ್ತಿದಳು. ಪರದೆ ಕೆಂಪಾಯಿತು. 'ಈ ವ್ಯಕ್ತಿ ಕಾರ್ಯಕ್ರಮಕ್ಕೆ ಅರ್ಹನಲ್ಲ.' ಮಗು ಜೊತೆಯಲ್ಲಿಲ್ಲದ ಅಪ್ಪಂದಿರಿಗಷ್ಟೇ ಇದು. ಜೊತೆಗೆ ಬಂತೋ, ಅಪ್ಪ ಆಚೆಗೆ! ಹದಿನಾರನೆಯ ಹಾಜರಿಯನ್ನು ಯಂತ್ರ ಏನು ಮಾಡಿದರೂ ತೆಗೆದುಕೊಳ್ಳಲಿಲ್ಲ. 'ತಾಯಿ' ಎಂದು ಮತ್ತೆ ಒತ್ತಲು ಹೋದರೆ ಅದಕ್ಕೂ ಬೀಗ.

ಪ್ರೆಸ್ಟನ್ ಓಡಿಬಂದ. ಕೆಂಪು ಪರದೆ ನೋಡಿ ಅವನ ಮುಖ ಬಿಳಿಚಿಕೊಂಡಿತು. ನೂರರಲ್ಲಿ ಪಾಠ ಮುಗಿಸುವವರು ಸರಿಯಾಗಿ ಎಂಬತ್ತು; ಆ ಎಂಬತ್ತನೆಯವನು ಈ ಡಾರ್ಸಿಯೇ.

"ಹೋಗಿ ಹೋಗಿ ಇದೇ ವಾರ ಕರ್ಕೊಂಡು ಬರಬೇಕಿತ್ತೇನಯ್ಯಾ?" ಎಂದ. "ಒಂದು ಕೆಲಸ ಮಾಡು. ಒಂದೆರಡು ದಿನ ಇವಳನ್ನ ಚಿಕ್ಕಮ್ಮನೋ ಯಾರೋ, ನೆಂಟರ ಮನೇಲಿ ಬಿಡು. ಮೇಲಿನೋರಿಗೆ ಬರೆದು ಬೀಗ ತೆಗೆಸ್ತೀನಿ, ನೀನು ಪಾಠ ಮುಗಿಸು, ಆಮೇಲೆ ಕರ್ಕೊಂಡು ಬಾ."

ಓಪಲ್ ಡೋನಟ್ ತಿನ್ನುವುದನ್ನು ನಿಲ್ಲಿಸಿದಳು. ಡಾರ್ಸಿ ಪ್ರೆಸ್ಟನ್ ಕಡೆ ತಿರುಗಿದ.

"ಮಗಳು ಮನೇಲಿರಲಿ ಅಂತ ಮಗಳನ್ನ ಮನೆಯಿಂದ ಆಚೆ ಹಾಕಬೇಕಾ, ಸಾರ್? ಇದು ಎಷ್ಟನೇ ಪಾಠ?"

"ಹಾಗಲ್ಲಪ್ಪಾ..."

"ಮಿಸ್ ವರ್ಲೀನ್, ಇವತ್ತು ನಾನು ಬಂದಿದ್ದೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ಕೊಳಿ," ಎಂದು ಡಾರ್ಸಿ ಮಗಳ ಕೈ ಹಿಡಿದು ಪಾಠದ ಕಡೆ ಹೊರಟ. ಅರ್ಹತೆಯಿಲ್ಲದವನನ್ನು ಒಳಗೆ ಕೂರಿಸಿದರೆ ತಪಾಸಣೆಯವರು ಬಿಡುವುದಿಲ್ಲ ಎಂದು ಪ್ರೆಸ್ಟನ್ ಅವನನ್ನು ಬಾಗಿಲಲ್ಲೇ ತಡೆದ. "ಕೋರ್ಟಿಗೆ ನಾನೇ ಒಂದು ಪತ್ರ ಬರೆದು ಕೊಡ್ತೀನಿ, ಹೋಗು," ಎಂದು ಬೆನ್ನು ತಟ್ಟಿ ಕಳಿಸಿದ.

ಇನ್ನು ಉಳಿದದ್ದು ಅವನನ್ನು ಯಂತ್ರದಿಂದ ಹೊರಗೆ ಹಾಕುವ ಶಾಸ್ತ್ರ. ಅದಕ್ಕೆ ಕಾರಣ ಕೊಡಬೇಕು. ಜೈಲಿಗೆ ಹೋದ, ಊರು ಬಿಟ್ಟ, ಕುಡಿತಕ್ಕೆ ಬಿದ್ದ, ಆಸಕ್ತಿ ಕಳೆದುಕೊಂಡ; ಹೀಗೆ ಅಪ್ಪನಾದವನು ಕೆಡಬಹುದಾದ ದಾರಿಗಳೆಲ್ಲ ಆ ಪಟ್ಟಿಯಲ್ಲಿದ್ದವು. ಮಗು ಮನೆಗೆ ಬಂತು ಎಂಬ ಕಾರಣ ಮಾತ್ರ ಇರಲಿಲ್ಲ. ಆ ಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಅಂಥದ್ದೊಂದು ನಡೆದೀತು ಎಂದು ಹೊಳೆದೇ ಇರಲಿಲ್ಲ.

"ಯಾವುದು ಒತ್ತಿದ್ರೂ ಎಪ್ಪತ್ತೊಂಬತ್ತು," ಎಂದು ಪ್ರೆಸ್ಟನ್ ತಲೆ ಚಚ್ಚಿಕೊಂಡ. ಕೊನೆಯ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. 'ಸತ್ತ.' ಸತ್ತವರನ್ನು ಸೇರಿದವರ ಲೆಕ್ಕದಿಂದಲೇ ಕೈಬಿಡುತ್ತಾರೆ. ತೊಂಬತ್ತೊಂಬತ್ತಕ್ಕೆ ಎಪ್ಪತ್ತೊಂಬತ್ತು ಎಂದರೆ ಎಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಯಂತ್ರ ಅದನ್ನು ಎಂಬತ್ತು ಎಂದೇ ತೋರಿಸುತ್ತದೆ.

"ನಂಗೆ ಕೈ ಬರಲ್ಲ, ಪ್ರೆಸ್ಟನ್."

"ಅದೊಂದು ಖಾನೆ, ವರ್ಲೀನ್. ಯಾರಾದ್ರೂ ನಿಜವಾಗ್ಲೂ ಸಾಯ್ತಾರಾ? ಇದು ಮುಚ್ಚಿದ್ರೆ ನಂಗೂ ಕೆಲಸ ಇಲ್ಲ, ನಿಂಗೂ ಇಲ್ಲ."

ವರ್ಲೀನ್ ಒತ್ತಿದಳು. ಹಿಮದಲ್ಲಿ ನಡೆದು ಬಂದ ಗಂಡಸಿಗೆ ಒಂದೇ ಬೆರಳಿನಲ್ಲಿ ಎಳ್ಳುನೀರು ಬಿಟ್ಟಳು. ಮನೆಗೆ ಹೋದವಳಿಗೆ ಊಟ ಸೇರಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಬುಧವಾರ ಅವಳು ಕೋರ್ಟಿಗೆ ಕೊಡುವ ಪತ್ರ ಕೇಳಿದರೆ ಪ್ರೆಸ್ಟನ್ ಕೈಯೆತ್ತಿಬಿಟ್ಟ. "ಸತ್ತೋನು ಪಾಠಕ್ಕೆ ಬರ್ತಿದ್ದ ಅಂತ ಸಹಿ ಹಾಕಿದ್ರೆ ನಾಳೆ ತಪಾಸಣೆಯೋರು ನನ್ನ ಕೇಳಲ್ವಾ?"

ಗುರುವಾರ ಬೆಳಿಗ್ಗೆ ಅವಳು ರಜೆ ಕೇಳದೆ, ನೀಲಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕೋರ್ಟಿಗೆ ಹೋಗಿ ಡಾರ್ಸಿಯ ಹಿಂದಿನ ಬೆಂಚಿನಲ್ಲಿ ಕೂತಳು. ಡಾರ್ಸಿ ಯಾರದ್ದೋ ಕೋಟು ಹಾಕಿಕೊಂಡು ಬಂದಿದ್ದ. ಓಪಲ್‌ಳ ಎರಡು ಜಡೆ ಅಂದು ಸುಮಾರಾಗಿ ಒಂದೇ ಮಟ್ಟದಲ್ಲಿದ್ದವು.

ಮ್ಯಾಜಿಸ್ಟ್ರೇಟ್ ಕೊವಾಲ್ಚಿಕ್ ಕನ್ನಡಕ ಏರಿಸಿ ತಮ್ಮ ಕಂಪ್ಯೂಟರನ್ನು ನೋಡಿದರು, ಇಳಿಸಿ ಡಾರ್ಸಿಯನ್ನು ನೋಡಿದರು. ಕಾರ್ಯಕ್ರಮದ ಪಟ್ಟಿ ದಿನಾ ರಾತ್ರಿ ಕೋರ್ಟಿನ ಯಂತ್ರಕ್ಕೆ ತಾನಾಗಿಯೇ ಹೋಗುವಂತೆ ಪ್ರೆಸ್ಟನ್ನೇ ಹಿಂದೊಮ್ಮೆ ಏರ್ಪಾಟು ಮಾಡಿಸಿ ಬಹುಮಾನ ಹೊಡೆದಿದ್ದ.

"ಮಿಸ್ಟರ್ ಟಿಲ್ಮನ್, ಇದರ ಪ್ರಕಾರ ನೀವು ಮೊನ್ನೆ ಮಂಗಳವಾರ ತೀರಿಕೊಂಡಿದ್ದೀರಿ."

"ನಿನ್ನೆ ಎಂಟು ಗಂಟೆ ಕೆಲಸ ಮಾಡಿದೀನಿ, ಯುವರ್ ಆನರ್. ಬೇಕಾದ್ರೆ ನಮ್ಮ ಮೇಸ್ತ್ರಿನ ಕೇಳಿ."

ಹಿಂದೆ ಯಾರೋ ನಕ್ಕರು. ಮ್ಯಾಜಿಸ್ಟ್ರೇಟ್ ನಗಲಿಲ್ಲ. "ನೀವು ಬದುಕಿರೋದು ನಂಗೂ ಕಾಣ್ತಿದೆ. ಆದ್ರೆ ದಾಖಲೆ ಹೀಗಿಟ್ಕೊಂಡು, ಪಾಠ ಮುಗಿಸಿದ ಕಾಗದವೂ ಇಲ್ದೆ, ನಾನು ಸಹಿ ಹಾಕೋ ಹಾಗಿಲ್ಲ. ಇದು ಸರಿಯಾಗೋಕೆ ಆರು ವಾರವಾದರೂ ಬೇಕು. ಅಲ್ಲೀವರೆಗೆ ಮಗು ಚಿಕ್ಕಮ್ಮನ ಹತ್ರ ಇರಲಿ."

ಓಪಲ್ ಅಪ್ಪನ ತೋಳು ಜಗ್ಗಿದಳು. "ಅಪ್ಪಾ, ನೀನು ಸತ್ತಿಲ್ಲ ಅಂತ ಹೇಳಪ್ಪಾ. ಜೋರಾಗಿ ಹೇಳು."

ಹಿಂದಿನ ಬೆಂಚಿನಿಂದ ವರ್ಲೀನ್ ಎದ್ದು ನಿಂತಳು. ತನ್ನ ಕೆಲಸ ಹೋಯಿತು ಎಂಬುದು ಅವಳಿಗೆ ಗೊತ್ತಿತ್ತು.

"ಇವನನ್ನ ಕೊಂದವಳು ನಾನು, ಯುವರ್ ಆನರ್," ಎಂದಳು. "ನಮ್ಮ ಅಂಕಿ ಉಳೀಲಿ ಅಂತ. ಮಗಳು ಮನೆಗೆ ಬಂದ್ಲು, ಅದಕ್ಕೆ ನಮ್ಮಲ್ಲಿ ಖಾನೆ ಇರಲಿಲ್ಲ. ಇದನ್ನ ನೋಡಿ."

ಮ್ಯಾಜಿಸ್ಟ್ರೇಟ್ ನೀಲಿ ಪುಸ್ತಕವನ್ನು ತಿರುವಿದರು. ಒಂದೊಂದು ಕಡೆ ನಿಂತು ಗಟ್ಟಿಯಾಗಿ ಓದಿದರು. "ಜನವರಿ ಹದಿನಾಲ್ಕು. ಬಸ್ಸು ತಪ್ಪಿ ಹಿಮದಲ್ಲಿ ನಡೆದು ಬಂದ. ಸಾಕ್ಸು ಹೀಟರಿನ ಮೇಲೆ ಒಣಗಿಸಿದೆವು... ಫೆಬ್ರವರಿ ನಾಲ್ಕು. ಹೆಣ್ಣುಮಕ್ಕಳ ಜಡೆ ಹೇಗೆ ಹಾಕೋದು ಅಂತ ನನ್ನನ್ನು ಕೇಳಿದ. ಹಗ್ಗದ ಮೇಲೆ ತೋರಿಸಿಕೊಟ್ಟೆ... ಮಾರ್ಚಿ ಹನ್ನೊಂದು. ಮಗಳ ಜೊತೆ ಬಂದ. ನಾವೇ ಒಳಗೆ ಬಿಡಲಿಲ್ಲ." ಅವರು ಪುಸ್ತಕ ಮುಚ್ಚಿ ಓಪಲ್‌ಳ ಜಡೆಯನ್ನು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

ವರ್ಲೀನ್‌ಳ ಕೆಲಸ ಮಾತ್ರ ಕೂಡಲೇ ಹೋಗಲಿಲ್ಲ. ಅವಳನ್ನು ಬೈದು ಓಡಿಸಿದರೆ ರಾಜ್ಯಕ್ಕೆ ಕಳಿಸುವ ವರದಿ ತಯಾರಿಸುವವರು ಬೇರೆ ಯಾರೂ ಇರಲಿಲ್ಲ. ಡಾರ್ಸಿಯನ್ನು ಬದುಕಿಸೋಣ ಎಂದು ಅವಳು ಯಂತ್ರದ ಮುಂದೆ ಎರಡು ಗಂಟೆ ಗುದ್ದಾಡಿದಳು. ಆಗಲಿಲ್ಲ. ಸತ್ತವರನ್ನು ವಾಪಸು ತರುವ ಖಾನೆಯೂ ಅದರಲ್ಲಿರಲಿಲ್ಲ.

ಮುಂದಿನ ಮಂಗಳವಾರ ರಾಜ್ಯದ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದರು. ಗೋಡೆಯ ಎಂಬತ್ತನ್ನು ನೋಡಿ ಪ್ರೆಸ್ಟನ್‌ನ ಕೈ ಕುಲುಕಿದರು. ಅವನು ಎರಡಂಗುಲ ಎತ್ತರವಾದ.

"ಅಂಕಿ ಚೆನ್ನಾಗಿದೆ. ಈಗ ನಮ್ಮ ಪುಸ್ತಿಕೆಗೆ ಒಂದು ಕಥೆ ಬೇಕು, ಫೋಟೊ ಸಮೇತ," ಎಂದರು ಆಕೆ. "ಇಲ್ಲಿ ಕಲಿತು, ಮಗುವನ್ನ ತನ್ನ ಮನೆಗೆ ಕರ್ಕೊಂಡು ಬಂದ ಅಪ್ಪ ಒಬ್ಬನಾದ್ರೂ ಇದಾನಾ?"

ಪ್ರೆಸ್ಟನ್ ಕೆಮ್ಮಿದ. ಕಾಫಿ ಬೇಕೇ ಎಂದು ಕೇಳಿದ. ವರ್ಲೀನ್ ಮೇಜಿನಿಂದ ತಲೆಯೆತ್ತಿದಳು.

"ಒಬ್ಬ ಇದ್ದ, ಮೇಡಂ. ಹೋದ ಮಂಗಳವಾರ ಸತ್ತ."

"ಅಯ್ಯೋ ದೇವರೇ! ಮಗು?"

"ಅದೋ, ಬರ್ತಾ ಇದೆ," ಎಂದು ವರ್ಲೀನ್ ಮೆಟ್ಟಿಲ ಕಡೆ ಕೈ ತೋರಿಸಿದಳು. ಡಾರ್ಸಿ ಬಾಕಿಯಿದ್ದ ಹದಿನಾರನೆಯ ಪಾಠಕ್ಕೆಂದು ಓಪಲ್‌ಳ ಕೈ ಹಿಡಿದು ಇಳಿದು ಬರುತ್ತಿದ್ದ. "ಪಕ್ಕದಲ್ಲಿರೋನೇ ಸತ್ತೋನು. ಫೋಟೊ ತಗೊಳಿ."