ಕೈ ಕಲಿತ ಪಾಠ

ಬುಗುರಿ ಆ ಮಧ್ಯಾಹ್ನ ಏಳನೆಯ ಸಲ ನೆಗೆದಳು. ಏಳನೆಯ ಸಲವೂ ನಡುಗಾಳಿಯಲ್ಲಿ ಕೈಬಿಟ್ಟಳು. ಹಲಗೆಯೂ ಹಾಯಿಯೂ ಒಂದರ ಮೇಲೊಂದು ಮಗುಚಿದವು. ಅವಳು ಅವುಗಳ ಆಚೆಗೆ ದೊಪ್ಪನೆ ಬಿದ್ದಳು. ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಮೇಷ್ಟ್ರು ಅವಳ ತಲೆ ನೀರಿನ ಮೇಲೆ ಕಾಣುವವರೆಗೂ ಉಸಿರು ಹಿಡಿದಿದ್ದು, ಬಂದ ಮೇಲೆ ಬಿಟ್ಟರು. ಆಮೇಲೆ ಎಂದಿನಂತೆ, ಮೊಣಕಾಲು ಇನ್ನಷ್ಟು ಮಡಚಬೇಕೆಂದೂ, ಭುಜದ ಮೇಲಿಂದ ಹಿಂದಕ್ಕೆ ನೋಡಬೇಕೆಂದೂ ಕೂಗಿ ಹೇಳಿದರು. ಹೇಳಬೇಕಾಗಿದ್ದ ಮೂರನೆಯ ಮಾತು ಗಂಟಲಿನಲ್ಲಿಯೇ ಉಳಿಯಿತು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಆ ದಡದಲ್ಲಿ ಮೂವತ್ತು ವರ್ಷದಿಂದ ವಿಂಡ್‌ಸರ್ಫಿಂಗ್ ಕಲಿಸುತ್ತ ಬಂದವರು. ಹಲಗೆಯ ಮೇಲೆ ನಿಂತು, ಹಾಯಿಯ ಅಡ್ಡಗೋಲನ್ನು ಎರಡು ಕೈಯಲ್ಲಿ ಹಿಡಿದು ಗಾಳಿಯೊಡನೆ ಹೇಗೆ ಹೋಗಬೇಕೆಂಬುದನ್ನು ಎಷ್ಟೋ ಜನಕ್ಕೆ ತಿದ್ದಿ ಹೇಳಿದ್ದರು. ಬುಗುರಿ ಅವರ ತೀರಿಹೋದ ತಮ್ಮನ ಮಗಳು. ಮಗುವಾಗಿದ್ದಾಗ ನಿಂತಲ್ಲಿ ನಿಲ್ಲದೆ ಗಿರಗಿರನೆ ಸುತ್ತುತ್ತಿದ್ದಳೆಂದು ಅವಳಪ್ಪನೇ ಇಟ್ಟ ಹೆಸರು ಅದು. ಈಗ ಇಪ್ಪತ್ಮೂರು ತುಂಬಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದರೂ ಹೆಸರು ಬಿಟ್ಟುಹೋಗಿರಲಿಲ್ಲ.

ಅವಳು ಕಲಿತದ್ದು ಕೈಟ್‌ಸರ್ಫಿಂಗ್. ಅಲ್ಲಿ ಹಾಯಿಯಿಲ್ಲ, ಕೋಣೆಯಷ್ಟು ಅಗಲದ ಗಾಳಿಪಟ ದೂರದ ಆಕಾಶದಲ್ಲಿರುತ್ತದೆ. ಅದರ ದಾರಗಳು ಬಂದು ಸೇರುವ ಬಾರ್ ಎಂಬ ಹಿಡಿಗೋಲು ಕೈಯಲ್ಲಿ, ಅದನ್ನು ಸಿಕ್ಕಿಸುವ ಕೊಕ್ಕೆ ಸೊಂಟದ ಪಟ್ಟಿಯಲ್ಲಿ. ಪಟವನ್ನು ನೆತ್ತಿಯ ಮೇಲಕ್ಕೆ ತಂದು ಬಾರನ್ನು ಎಳೆದುಕೊಂಡರೆ ಸಾಕು, ಅದು ಮನುಷ್ಯನನ್ನು ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಒಯ್ದು ಮೆಲ್ಲಗೆ ಇಳಿಸುತ್ತದೆ. ಬುಗುರಿ ಅಷ್ಟು ಎತ್ತರದಲ್ಲಿ ಎರಡು ಸುತ್ತು ಸುತ್ತಿ ಇಳಿಯುತ್ತಿದ್ದಳು. ವಿಂಡ್‌ಸರ್ಫಿಂಗಿನಲ್ಲಿ ಆ ಎತ್ತರವೂ ಇಲ್ಲ, ಆ ಪುರಸತ್ತೂ ಇಲ್ಲ. ಸಣ್ಣ ಅಲೆಯೊಂದರಿಂದ ಆಳೆತ್ತರ ನೆಗೆದರೆ ಅದೇ ಹೆಚ್ಚು. ಒಂದು ಉಸಿರಿನೊಳಗೆ ಹಾಯಿ, ಅದರ ಕಂಬ, ಹಲಗೆ, ಮೈ ಎಲ್ಲವೂ ಒಟ್ಟಿಗೆ ಮುಂದಕ್ಕೆ ಲಾಗ ಹಾಕಬೇಕು.

"ಇದೇನ್ ದೊಡ್ಡಪ್ಪ, ಬೀರು ತಬ್ಕೊಂಡು ಮಂಚದಿಂದ ಹಾರಿದ ಹಾಗಿದೆ," ಎಂದು ಮೊದಲ ವಾರವೇ ಅವಳು ನಕ್ಕಿದ್ದಳು.

"ನಿಂದು ಮಾತ್ರ ಹಾರೋದಾ? ಒಣಗಹಾಕಿದ ಬಟ್ಟೆ ಗಾಳಿಗೆ ಆಡಿದ ಹಾಗೆ," ಎಂದು ಮೇಷ್ಟ್ರೂ ನಕ್ಕಿದ್ದರು.

ಎರಡು ತಿಂಗಳ ಹಿಂದೆ ಬಂದು ಅವಳು ಕೇಳಿದ್ದು ಇಷ್ಟೇ: ಅಪ್ಪ ಹಾಕುತ್ತಿದ್ದ ಲಾಗವನ್ನು ತನಗೆ ಕಲಿಸಬೇಕು. ಅಪ್ಪನ ಮುಖ ತನಗೆ ಈಗ ಫೋಟೋ ನೋಡಿದರೆ ಮಾತ್ರ ನೆನಪಾಗುತ್ತದೆ. ಆದರೆ ಆ ಲಾಗ ಕಣ್ಣಿಗೆ ಕಟ್ಟಿದಂತಿದೆ. ಅದಾದರೂ ತನ್ನ ಮೈಯಲ್ಲಿ ಉಳಿಯಲಿ ಎಂದಳು. ಮೇಷ್ಟ್ರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಲಾಗದ ಗುಟ್ಟು ದೊಡ್ಡದೇನಲ್ಲ. ನೆಗೆದ ಮೇಲೆ ಹಿಂದಿನ ಕೈಯನ್ನು ಅಡ್ಡಗೋಲಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿಸಿ, ಹಾಯಿಯನ್ನು ಹೊಟ್ಟೆಯತ್ತ ಎಳೆದುಕೊಳ್ಳಬೇಕು. ಗಾಳಿಯೇ ಮಿಕ್ಕದ್ದನ್ನು ಮಾಡುತ್ತದೆ. ಕಷ್ಟವಿರುವುದು ಧೈರ್ಯದಲ್ಲಿ. ನೀರು ತಲೆಯ ಮೇಲೆ ಬಂದಂತೆ ಕಾಣುವ ಆ ಒಂದು ಕ್ಷಣ, ಬಿಟ್ಟುಬಿಡು ಎಂದು ಮೈಯೆಲ್ಲ ಕೂಗುತ್ತದೆ. ಆಗ ಬಿಟ್ಟರೆ ಕೆಟ್ಟಿತು: ಅರ್ಧ ತಿರುಗಿದ ಮೈಯ ಮೇಲೆ ಕಂಬ ಬಂದು ಬೀಳುತ್ತದೆ. ಕೈಟಿನವರಿಗಂತೂ ಇದು ಇಮ್ಮಡಿ ಕಷ್ಟ. ಎಡವಟ್ಟಾಯಿತೆಂದರೆ ಬಾರನ್ನು ಬಿಡಬೇಕು, ಬಿಟ್ಟರೆ ಬಾರ್ ದೂರ ಸರಿದು ಪಟದ ಕಸುವು ಇಳಿಯುತ್ತದೆ ಎಂಬುದೇ ಅವರ ಮೊದಲ ಪಾಠ. ಬುಗುರಿಯ ಕೈಗಳು ಆ ಪಾಠವನ್ನು ಚೆನ್ನಾಗಿ ಕಲಿತಿದ್ದವು. ಹೆದರಿದ ಕೂಡಲೆ ಅವಳನ್ನು ಕೇಳದೆಯೇ ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು.

ಅದಕ್ಕೆ ಇದ್ದುದು ಒಂದೇ ಮದ್ದು: ನೆಗೆಯುವ ಹೊತ್ತಿಗೆ ಸರಿಯಾಗಿ ದಡದಿಂದ ಗುರು "ಬಿಡಬೇಡ, ಎಳ್ಕೋ" ಎಂದು ಕೂಗುವುದು, ಆ ಮಾತು ಕೈಗೆ ಇಳಿಯುವವರೆಗೂ ಕೂಗುತ್ತಲೇ ಇರುವುದು. ಹನ್ನೊಂದು ವರ್ಷದಿಂದ ಮೇಷ್ಟ್ರ ಬಾಯಿಂದ ಆ ಮಾತು ಬಂದಿರಲಿಲ್ಲ.

ಒಂಬತ್ತನೆಯ ನೆಗೆತದಲ್ಲಿ ಕಂಬ ಬುಗುರಿಯ ಹುಬ್ಬಿಗೆ ಬಡಿಯಿತು.

ಶೆಡ್ಡಿನಲ್ಲಿ ಮೇಷ್ಟ್ರ ಹೆಂಡತಿ ಹರಿದ ಹಾಯಿಯೊಂದನ್ನು ಹೊಲಿಗೆ ಯಂತ್ರದ ಕೆಳಗೆ ಹರಡಿಕೊಂಡು ತೇಪೆ ಹಾಕುತ್ತಿದ್ದರು. ರಕ್ತ ನೋಡಿ ಗಾಬರಿಯಾಗಲಿಲ್ಲ. ಹುಡುಗಿಯನ್ನು ಮಡಿಸಿಟ್ಟ ಹಾಯಿಗಳ ಮೇಲೆ ಕೂರಿಸಿ, ಗಾಯ ತೊಳೆದು, ಹತ್ತಿಯೊತ್ತಿ ಪಟ್ಟಿ ಅಂಟಿಸಿದರು. ಅವಳು ಬಟ್ಟೆ ಬದಲಿಸಲು ಒಳಗೆ ಹೋದ ಮೇಲೆ ಗಂಡನ ಕಡೆ ತಿರುಗಿದರು.

"ಎರಡು ತಿಂಗಳಿಂದ ನೋಡ್ತಿದ್ದೀನಿ. ಮೊಣಕಾಲು ಅಂತೀರಿ, ಭುಜ ಅಂತೀರಿ, ಹೇಳಬೇಕಾದ್ದನ್ನ ನುಂಗ್ಕೋತೀರಿ. ಅರ್ಧ ಪಾಠ ಹೇಳಿ ಆ ಹುಡುಗಿ ಕಣ್ಣು ಕಳೀಬೇಡಿ. ಹೇಳೋಕಾಗಲ್ಲ ಅಂದ್ರೆ ಮನೆಗೆ ಕಳಿಸಿ."

ಬುಗುರಿ ಒದ್ದೆ ಕೂದಲು ಹಿಂಡಿಕೊಳ್ಳುತ್ತ ಹೊರಗೆ ಬಂದಾಗ ಮೇಷ್ಟ್ರು ಅವಳನ್ನು ಎದುರಿಗೆ ಕೂರಿಸಿಕೊಂಡು, ಯಾರಿಗೂ ಬಾಯಿಬಿಟ್ಟು ಹೇಳದಿದ್ದುದನ್ನು ಹೇಳಿದರು.

ತಮ್ಮನಿಗೆ ಹತ್ತು ವರ್ಷ ತಾವೇ ಕಲಿಸಿದ್ದರು. ಹೆದರಿದಾಗ ಬಿಡಬೇಡ, ಎಳ್ಕೋ ಎಂದು ಸಾವಿರ ಸಲ ಕೂಗಿದ್ದರು. ಅವನಂಥ ಲಾಗ ಆ ದಡದಲ್ಲಿ ಯಾರೂ ಹಾಕುತ್ತಿರಲಿಲ್ಲ. ಆಮೇಲೆ ಗಾಳಿಪಟಗಳು ಬಂದವು. ತಮ್ಮ ಎರಡೇ ವಾರದಲ್ಲಿ ಅದನ್ನೂ ಕಲಿತ, ಕಲಿತೆನೆಂದುಕೊಂಡ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಮೋಡ ಕವಿದು, ದಡದ ಹತ್ತಿರದಲ್ಲಿಯೇ ಬಿರುಗಾಳಿ ಅವನ ಪಟವನ್ನು ಹಿಡಿಯಿತು. ಬಿಡು, ಬಿಡು ಎಂದು ಎಲ್ಲರೂ ಕೂಗಿದರು. ಬಿಟ್ಟಿದ್ದರೆ ಮರಳಿನ ಮೇಲೆ ಕುಕ್ಕರಿಸುತ್ತಿದ್ದ. ಅವನು ಬಾರನ್ನು ಎರಡು ಕೈಯಲ್ಲೂ ಹೊಟ್ಟೆಗೆ ಎಳೆದುಕೊಂಡ. ಎಳೆದಷ್ಟೂ ಪಟ ಮೇಲೆತ್ತಿತು. ಅಲೆ ತಡೆಯಲು ಹಾಕಿದ್ದ ಬಂಡೆಗಳ ಮೇಲೆ ಅದು ಅವನನ್ನು ಇಳಿಸಿತು.

"ಅವನ ಕೈ ನಾನು ನೋಡ್ದೆ," ಎಂದರು ಮೇಷ್ಟ್ರು. "ಅದು ನಾನು ಹೇಳಿಕೊಟ್ಟ ಹಿಡಿತ. ಒಂಚೂರೂ ತಪ್ಪಿರಲಿಲ್ಲ."

ಪ್ರತಿದಿನ ಬೆಳಗ್ಗೆ ದೇವರ ಮುಂದೆ ಕೈಮುಗಿದು ನಿಂತಾಗ, ಕ್ಷಮಿಸು ಎನ್ನಬೇಕೋ ಬೇಡವೋ ಎಂಬುದೇ ತಮಗೆ ತಿಳಿಯದೆಂದೂ, ಕಲಿಸಿದ್ದು ತಪ್ಪಲ್ಲ, ಆದರೆ ಆದದ್ದು ಆಗಿಹೋಯಿತೆಂದೂ ಹೇಳಿದರು. ಈಗ ಅದೇ ಮಾತನ್ನು ಅವಳ ಕೈಗೂ ಕಲಿಸಿ, ನಾಳೆ ಅವಳು ಗಾಳಿಪಟದ ಕೆಳಗೆ ಅದನ್ನೇ ಮಾಡಿದರೆ ತಾವು ಯಾವ ಮುಖ ಹೊತ್ತು ಅವಳ ತಾಯಿಯ ಮುಂದೆ ನಿಲ್ಲಬೇಕು?

ಬುಗುರಿ ಕೊನೆಯವರೆಗೂ ಕೇಳಿಸಿಕೊಂಡಳು. ಚೀಲ ಹೆಗಲಿಗೇರಿಸಿಕೊಂಡು, ದೊಡ್ಡಮ್ಮನಿಗೆ ಹೋಗಿಬರುತ್ತೇನೆಂದು ಹೇಳಿ ಹೊರಟುಹೋದಳು. ದೊಡ್ಡಪ್ಪನಿಗೆ ಹೇಳಲಿಲ್ಲ.

ಅವಳು ಬರದಿದ್ದ ಆ ವಾರ ಮೇಷ್ಟ್ರು ಹೊಸಬರಿಬ್ಬರಿಗೆ ಹಾಯಿ ಎತ್ತುವುದನ್ನು ಕಲಿಸಿದರು, ಹಲಗೆಯೊಂದರ ಒಡಕಿಗೆ ಅಂಟು ಹಚ್ಚಿ ಉಜ್ಜಿದರು, ತಟ್ಟೆಯ ಅನ್ನವನ್ನು ಕಲಸಿ ಹಾಗೆಯೇ ಬಿಟ್ಟೆದ್ದರು. ಹೆಂಡತಿ ಒತ್ತಾಯ ಮಾಡಲಿಲ್ಲ.

ಮುಂದಿನ ರಜೆಯ ದಿನ ಗಾಳಿ ಏಳುವ ಹೊತ್ತಿಗೆ ಬುಗುರಿ ಬಂದಳು. ಹುಬ್ಬಿನ ಗಾಯ ಹಳದಿಗಟ್ಟಿತ್ತು. ಮೇಷ್ಟ್ರು ಹಾಯಿಗೆ ಕಂಬ ತೂರಿಸುತ್ತಿದ್ದರು. ಅವಳು ಇನ್ನೊಂದು ತುದಿ ಹಿಡಿದುಕೊಂಡು, ಮುಖ ನೋಡದೆ ಮಾತಾಡಿದಳು.

"ನಿಮ್ಮ ಮೇಲೆ ಸಿಟ್ಟು ಬಂತು. ಇನ್ನೂ ಇದೆ, ಸುಳ್ಳು ಯಾಕೆ ಹೇಳ್ಲಿ. ನೀವು ಕಲಿಸಿದ್ದಕ್ಕಲ್ಲ. ಇಷ್ಟು ವರ್ಷ ಒಬ್ರೇ ಇಟ್ಕೊಂಡಿದ್ರಲ್ಲ, ಅದಕ್ಕೆ. ಅಮ್ಮನೂ ನಾನೂ ಕೇಳ್ಕೊಂಡು ಕೇಳ್ಕೊಂಡು ಸುಸ್ತಾದ್ವಿ, ಅಷ್ಟು ಚೆನ್ನಾಗಿ ಹಾರ್ತಿದ್ದ ಅಪ್ಪ ಬಾರ್ ಯಾಕೆ ಬಿಡ್ಲಿಲ್ಲ ಅಂತ."

ಮೇಷ್ಟ್ರು ತಲೆ ತಗ್ಗಿಸಿದರು.

"ಅಪ್ಪನ ಕೈಗೆ ಒಂದೇ ಪಾಠ ಬರ್ತಿತ್ತು," ಎಂದಳು ಅವಳು. "ನನ್ನ ಕೈಗೆ ಬಿಡೋದು ಮೊದಲೇ ಗೊತ್ತು. ಹಿಡ್ಕೊಳ್ಳೋದು ನೀವು ಕಲಿಸಿ. ಯಾವಾಗ ಯಾವುದು ಅಂತ ನಾನು ನೋಡ್ಕೋತೀನಿ. ಅದರ ಭಾರ ನಿಮಗೆ ಬೇಡ."

ಅವಳು ನೀರಿಗಿಳಿದಳು. ಮೊದಲ ನೆಗೆತಕ್ಕೆ ಮೇಷ್ಟ್ರ ದನಿ ಹೊರಡಲಿಲ್ಲ; ಅವಳು ಬಿದ್ದಳು. ಎರಡನೆಯದಕ್ಕೆ ಹೊರಟದ್ದು ಕೆಮ್ಮಿನಂಥ ಸದ್ದು. ಮೂರನೆಯದಕ್ಕೆ, ಹಲಗೆ ಅಲೆಯ ನೆತ್ತಿ ಬಿಟ್ಟ ಕ್ಷಣದಲ್ಲಿ, ಶೆಡ್ಡಿನ ಹೊಲಿಗೆ ಯಂತ್ರ ನಿಂತುಹೋಗುವಷ್ಟು ಗಟ್ಟಿಯಾಗಿ ಅವರು ಕೂಗಿದರು: ಬಿಡಬೇಡ, ಎಳ್ಕೋ. ಅವಳ ಹಿಂದಿನ ಕೈ ಹೊಟ್ಟೆಗೆ ಬಂತು. ಹಾಯಿ ಮುಂದಕ್ಕೆ ಬಾಗಿ, ಕಂಬದ ತುದಿ ನೀರನ್ನು ಸವರಿ, ಹಲಗೆಯ ತಳ ಬಿಸಿಲಿಗೆ ಒಮ್ಮೆ ಹೊಳೆದು, ಎಲ್ಲವೂ ಒಂದೇ ಸುತ್ತಿಗೆ ಸುತ್ತಿಬಂತು. ಅವಳು ಬೆನ್ನಡಿಯಾಗಿ ನೀರಿಗೆ ತಾಗಿದಳು. ಎರಡು ಕೈಯೂ ಅಡ್ಡಗೋಲಿನ ಮೇಲೆಯೇ ಇದ್ದವು. ತಮ್ಮನ ಲಾಗದಷ್ಟು ಅಂದವಾಗಿರಲಿಲ್ಲ ಅದು. ಆದರೂ ಲಾಗವೇ.

ಮರುದಿನವೂ ಅಂಗಡಿಗೆ ರಜೆಯಿತ್ತು. ಬುಗುರಿ ಗಾಳಿಪಟದ ಚೀಲ ಹೊತ್ತು ಬಂದು, ಪಟ ಎತ್ತಿಕೊಡಲು ಒಬ್ಬರು ಬೇಕಾಗಿತ್ತೆಂದಳು. ಎಂದೂ ಪಟ ಮುಟ್ಟದ ದೊಡ್ಡಪ್ಪನನ್ನು ಅವಳು ಕೇಳಿದ್ದು ಅದೇ ಮೊದಲು. ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟರು.

ಮರಳಿನ ಮೇಲೆ ದಾರಗಳನ್ನು ಬಿಡಿಸಿಟ್ಟ ಮೇಲೆ, ಬಾರ್ ಕೊಕ್ಕೆಗೆ ಸಿಕ್ಕಿಸಿಕೊಂಡ ಅವಳ ಎದುರಿಗೆ ನಿಂತು, ಬಿರುಗಾಳಿ ಬಂದರೆ ಏನು ಮಾಡುವಿಯೆಂದು ಕೇಳಿದರು.

"ದೊಡ್ಡಪ್ಪ, ಹೊಸಬರಿಗೆ ಇದನ್ನ ಹೇಳಿಕೊಡೋಳೇ ನಾನು."

"ಗೊತ್ತು ಮಗಳೇ. ನನಗೋಸ್ಕರ ಒಂದ್ಸಲ."

ಅವಳು ನಗಲಿಲ್ಲ. ಬಾರನ್ನು ಗಟ್ಟಿಯಾಗಿ ಹಿಡಿದು ಹೊಟ್ಟೆಗೆ ಎಳೆದುಕೊಂಡಳು. ಆಮೇಲೆ ಎರಡು ಅಂಗೈಯನ್ನೂ ಅಗಲವಾಗಿ ಬಿಚ್ಚಿದಳು. ಬಾರ್ ಜಾರಿ ದೂರ ಸರಿಯಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದಳು.

ಮೇಷ್ಟ್ರು ದಾರದುದ್ದಕ್ಕೂ ನಡೆದು ಹೋಗಿ, ಪಟದ ಅಂಚನ್ನು ಎತ್ತಿ ಹಿಡಿದರು. ಗಾಳಿ ತುಂಬಿದ ಬಟ್ಟೆ ಅವರ ಕೈಯಲ್ಲಿ ಅದುರಿತು. ಅತ್ತ ಅವಳು ನೀರನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, ಹೆಬ್ಬೆರಳು ಎತ್ತಿದಳು. ಅವರು ಕಣ್ಣು ಮುಚ್ಚಲಿಲ್ಲ. ಒಂದೊಂದಾಗಿ ಬೆರಳು ಸಡಿಲಿಸಿದರು.