ಎರಡು ಬೆರಳು ಒಳಗೆ ಬಿದ್ದ ಗೆರೆ

ಇದು ಶುರುವಾದದ್ದು ಚಳಿಗಾಲದ ಒಂದು ಬೆಳಗ್ಗೆ, ಬೀದಿದೀಪಗಳು ಇನ್ನೂ ಆರಿರದ ಹೊತ್ತಿನಲ್ಲಿ. ಹತ್ತು ವರ್ಷದ ಹುಡುಗಿಯೊಬ್ಬಳು ತಣ್ಣಗಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ, ಸದ್ದಾಗದ ಹಾಗೆ ಇಳಿದು ಅಪ್ಪನ ಅಂಗಡಿಗೆ ಬಂದಳು. ಮನೆ ಮೇಲೆ, ಅಂಗಡಿ ಕೆಳಗೆ. ಅಪ್ಪ ದರ್ಜಿ. ಉದ್ದನೆಯ ಮೇಜಿನ ಮೇಲೆ ಬೂದುಬಣ್ಣದ ಉಣ್ಣೆಬಟ್ಟೆ ಹಾಸಿತ್ತು. ಹಿಂದಿನ ಸಂಜೆ ಅಪ್ಪ ಅದರ ಮೇಲೆ ಚಾಕಿನಿಂದ ಕೋಟಿನ ಗೆರೆಗಳನ್ನು ಹಾಕಿಟ್ಟಿದ್ದ.

ಆ ಮನೆಯಲ್ಲೊಂದು ಕಟ್ಟಳೆ ಇತ್ತು. ಸಂಜೆ ಅಪ್ಪ ಗೆರೆ ಹಾಕುವುದು, ಬೆಳಗ್ಗೆ ಅಕ್ಕ ಅದರ ಮೇಲೆಯೇ ಕತ್ತರಿ ಓಡಿಸುವುದು. ಮತ್ತೆ ಟೇಪು ಹಿಡಿಯುವಂತಿಲ್ಲ. "ನಾನು ಅಳೆದದ್ದನ್ನ ಇನ್ನೊಬ್ಬರು ಅಳೆದ್ರೆ ನನ್ನ ನಂಬಲಿಲ್ಲ ಅಂತ ಆಯ್ತು" ಎನ್ನುತ್ತಿದ್ದ ಅಪ್ಪ. ಹೊಲಿಗೆಗೆಂದು ಬಿಡುವ ಎರಡು ಬೆರಳು ಅಂಚನ್ನೂ ಅವನು ಗೆರೆಯೊಳಗೇ ಸೇರಿಸಿರುತ್ತಿದ್ದ.

ಅಕ್ಕನಿಗೆ ಆಗ ಹದಿನೇಳು. ಅವಳು ಕತ್ತರಿ ಹಿಡಿದರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಡೆಯುತ್ತಿರಲಿಲ್ಲ. ಗಿರಾಕಿಗಳು ಬಟ್ಟೆ ಕೊಟ್ಟು ಹೋಗುವುದು ಬಿಟ್ಟು ನಿಂತು ನೋಡುತ್ತಿದ್ದರು. ಚಿಕ್ಕವಳಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ತಾನೂ ಮಾಡಬೇಕೆಂಬ ಆಸೆ, ಅಷ್ಟೆ. ಬೆನ್ನಿನ ತುಂಡಿನ ಗೆರೆಯನ್ನು ಬ್ರಶ್ಶಿನಿಂದ ಉಜ್ಜಿ ಅಳಿಸಿದಳು. ಗೋಡೆಯ ಮೊಳೆಗೆ ಅದೇ ಗಿರಾಕಿಯ ಕಾಗದದ ಅಚ್ಚು ನೇತಾಡುತ್ತಿತ್ತು. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಚಾಕ್ ಎಳೆದಳು. ಅಚ್ಚಿನಲ್ಲಿ ಹೊಲಿಗೆಯ ಅಂಚು ಸೇರಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೆರೆ ಮಾತ್ರ ನೂಲು ಹಿಡಿದ ಹಾಗೆ ಬಂತು. ಅಪ್ಪ ಹಾಕಿದ್ದಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಖುಷಿಯಲ್ಲಿ ಮೇಲೆ ಹೋಗಿ ಹೊದ್ದು ಮಲಗಿದಳು. ಎದ್ದ ಮೇಲೆ ಹೇಳಿ ಎಲ್ಲರನ್ನೂ ಬೆರಗು ಮಾಡಬೇಕು ಅಂತಿತ್ತು.

ಅವಳು ಎದ್ದದ್ದು ಅಪ್ಪನ ಕೂಗಾಟಕ್ಕೆ. ಅಕ್ಕ ಕತ್ತರಿಸಿದ್ದ ಬೆನ್ನಿನ ತುಂಡು ಸುತ್ತಲೂ ಎರಡು ಬೆರಳು ಕಮ್ಮಿ ಬಿದ್ದಿತ್ತು.

ಗಿರಾಕಿ ಊರಿನ ದೊಡ್ಡ ಡಾಕ್ಟರು. ಬಟ್ಟೆ ಅವರೇ ದೂರದಿಂದ ತರಿಸಿದ್ದು, ಇನ್ನೊಂದು ಗೇಣು ಸಿಕ್ಕುವಂತಿರಲಿಲ್ಲ.

"ನಿಮ್ಮ ಗೆರೆ ಮೇಲೇ ಕತ್ತರಿಸಿದೆ ಅಪ್ಪಾ" ಎಂದಳು ಅಕ್ಕ.

"ಮೂವತ್ತು ವರ್ಷದಲ್ಲಿ ನನ್ನ ಗೆರೆ ತಪ್ಪಿಲ್ಲ. ಕೈ ಜಾರ್ತು ಅನ್ನು, ಬೈದು ಬಿಟ್ಟುಬಿಡ್ತೀನಿ. ಸುಳ್ಳು ಮಾತ್ರ ಹೇಳ್ಬೇಡ."

"ಜಾರಲಿಲ್ಲ."

"ಮತ್ತೆ ಸುಳ್ಳು!"

ಚಿಕ್ಕವಳು ಮೆಟ್ಟಿಲ ಮೇಲೆ ನಿಂತಿದ್ದಳು. ಒಂದೇ ಮಾತು ಸಾಕಿತ್ತು. ಅಪ್ಪನ ಮುಖ ನೋಡಿ ಅವಳು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದಳು. ಅಪ್ಪ ಅಕ್ಕನ ಕೈಯಿಂದ ಕತ್ತರಿ ಕಿತ್ತುಕೊಂಡ, ಮತ್ತೆ ಕೊಡಲಿಲ್ಲ. ವಾರ ಕಳೆದ ಮೇಲೆ ಚಿಕ್ಕವಳನ್ನು ಕರೆದು, ಕೆಲಸ ಕಲಿಸಲು ಮೇಜಿನ ಮುಂದೆ ಸ್ಟೂಲು ಹಾಕಿ ನಿಲ್ಲಿಸಿದ. ಎರಡು ವರ್ಷಕ್ಕೆ ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದಳು.

ಆ ಬೆಳಗ್ಗೆಯಿಂದ ಐವತ್ತೈದು ವರ್ಷ ಕಳೆಯಿತು. ಅಂಗಡಿ ಚಿಕ್ಕವಳದಾಯಿತು. ಅವಳಿಗೆ 'ಗೆರೆಯಮ್ಮ' ಎಂಬ ಅಡ್ಡಹೆಸರು ಬಿತ್ತು. "ರಸ್ತೆ ಹಾಕೋರನ್ನ ಇವಳ ಹತ್ರ ಒಂದು ತಿಂಗಳು ಬಿಡ್ಬೇಕು" ಎಂದು ಎದುರಿನ ಚಪ್ಪಲಿ ಅಂಗಡಿಯವನು ನಗುತ್ತಿದ್ದ. ಹೊಸ ಬಟ್ಟೆ ಬಿಚ್ಚಿ ಹಾಸಿದರೆ ಅವಳಿಗೆ ಊಟದ ನೆನಪಿರುತ್ತಿರಲಿಲ್ಲ. ಈ ಹುಚ್ಚು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ "ಅಪ್ಪನಿಂದ" ಎನ್ನುತ್ತಿದ್ದಳು. ಅರ್ಧ ನಿಜ. ಪ್ರತಿ ಗೆರೆಯನ್ನೂ ಮೂರು ಸಲ ಅಳೆಯುತ್ತಿದ್ದಳು. ಪ್ರತಿ ಸಲವೂ, ಇದನ್ನು ಅಕ್ಕ ಕತ್ತರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅನ್ನಿಸುತ್ತಿತ್ತು. ಬಟ್ಟೆಯ ಮೇಲಿನ ಪ್ರೀತಿ ಎಲ್ಲಿ ಮುಗಿದು ಅಕ್ಕನ ಮುಂದಿನ ನಾಚಿಕೆ ಎಲ್ಲಿ ಶುರುವಾಗುತ್ತದೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ಬಂದಳು. ಎಪ್ಪತ್ತೆರಡು ವರ್ಷ, ಕೈಯಲ್ಲಿ ಕೋಲು, ಬಾಯಿ ಮಾತ್ರ ಮೊದಲಿನ ಹಾಗೇ. ಜೊತೆಗೆ ಹತ್ತೊಂಬತ್ತರ ಮೊಮ್ಮಗಳು.

"ಈ ಕುರ್ಚಿ ಇನ್ನೂ ಇದೆಯಾ? ನಮ್ಮಿಬ್ಬರಿಗಿಂತ ಇದೇ ಗಟ್ಟಿ ಕಣೇ."

ಮೊಮ್ಮಗಳು ಒಳಗೆ ನೀರು ಕಾಯಿಸಲು ಹೋದಾಗ ಅಕ್ಕ ದನಿ ತಗ್ಗಿಸಿದಳು. "ಇವಳಿಗೆ ನಿನ್ನ ಹತ್ರ ಕಟಿಂಗ್ ಕಲೀಬೇಕಂತೆ. ಯಾರ ಮಾತೂ ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾಳೆ. ನಿನಗಾಗಲ್ಲ ಅಂದುಬಿಡು."

"ಯಾಕಕ್ಕಾ?"

"ನನ್ನ ಕೈಯೇ ಅವಳಿಗೂ ಬಂದಿರೋದು. ಚೆನ್ನಾಗಿರುತ್ತೆ, ಚೆನ್ನಾಗಿರುತ್ತೆ, ಒಂದು ದಿನ ಕೈ ಕೊಡುತ್ತೆ. ಆವಾಗ ಏನಾಗುತ್ತೆ ಅಂತ ನನಗೆ ಗೊತ್ತು."

ಗೆರೆಯಮ್ಮ ಸಂಜೆ ಹುಡುಗಿಯ ಮುಂದೆ ಒಂದು ಜಾಕೆಟ್ಟಿನ ಬಟ್ಟೆ ಹಾಸಿ, "ನಿನಗೇ ಅಂತ ಕತ್ತರಿಸ್ಕೋ" ಎಂದಳು. ಹುಡುಗಿ ಕತ್ತರಿ ಓಡಿಸಿದಳು. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಡೆಯಲಿಲ್ಲ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಸೋಮವಾರ ಮಧ್ಯಾಹ್ನ ಹುಡುಗಿ ಗುಂಡಿ ತರಲು ಹೊರಗೆ ಹೋಗಿದ್ದಳು.

"ಅವಳ ಕೈ ಚೆನ್ನಾಗಿದೆ ಅಕ್ಕಾ. ನಾನು ಆಗಲ್ಲ ಅಂತ ಹೇಗೆ ಹೇಳ್ಲಿ?" ಎಂದಳು ಗೆರೆಯಮ್ಮ. ಅಷ್ಟರಲ್ಲೇ ಮುಗಿಯಲಿ ಎಂಬ ಆಸೆ ಆಗಲೂ ಇತ್ತು.

"ನನ್ನದೂ ಚೆನ್ನಾಗಿದೆ ಅಂತಾನೇ ಅಪ್ಪ ಹೇಳ್ತಿದ್ರು. ಆಮೇಲೆ?"

ಇನ್ನು ತಪ್ಪಿಸಿಕೊಳ್ಳಲು ಜಾಗ ಉಳಿದಿರಲಿಲ್ಲ. ಗೆರೆಯಮ್ಮ ಹೇಳಿದಳು. ಬ್ರಶ್ಶು, ಕಾಗದದ ಅಚ್ಚು, ಮೆಟ್ಟಿಲು, ಎಲ್ಲಾ. ಹತ್ತು ವರ್ಷದವಳ ಮಾತು ಅರವತ್ತೈದರ ಬಾಯಲ್ಲಿ ತಡವರಿಸಿ ತಡವರಿಸಿ ಬಂತು.

ಅಕ್ಕ ಕೋಲನ್ನು ಮೇಜಿಗೆ ಒರಗಿಸಿದಳು.

"ಹತ್ತು ವರ್ಷದವಳು ಹೆದರಿದ್ದು ಇರ್ಲಿ" ಎಂದಳು. "ಇಪ್ಪತ್ತರಲ್ಲಿ ಏನಾಗಿತ್ತು? ನಲವತ್ತರಲ್ಲಿ? ಅಪ್ಪ ಸತ್ತ ದಿನ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ, ಅವತ್ತು?"

"ಹೇಳಿದ್ರೆ ಈ ಮೇಜು ಬಿಟ್ಟುಕೊಡಬೇಕಾಗುತ್ತೆ ಅಂತ... ಆಗಲಿಲ್ಲ ಅಕ್ಕಾ."

"ಒಂದೆರಡು ವರ್ಷ ನನಗೆ ಗೊತ್ತಿತ್ತು ಕಣೇ, ನಾನು ಗೆರೆ ಮೇಲೇ ಹೋಗಿದ್ದು ಅಂತ. ಆಮೇಲೆ ಇಲ್ಲ. ಎಲ್ಲರೂ ಹೇಳಿ ಹೇಳಿ, ಕೈ ಜಾರಿದ್ದೇ ನಿಜ, ಸುಳ್ಳು ಹೇಳಿದ್ದೇ ನಿಜ ಅಂತ ನಾನೇ ಒಪ್ಕೊಂಡೆ. ನನ್ನ ಮಕ್ಕಳ ಉಗುರು ಕೂಡ ಅವರಪ್ಪನ ಕೈಲೇ ತೆಗೆಸಿದೆ. ಕತ್ತರಿ ಹೋಗಿದ್ದಕ್ಕಿಂತ ನನ್ನ ಮೇಲೆ ನನಗೇ ನಂಬಿಕೆ ಹೋಗಿದ್ದು ದೊಡ್ಡ ನಷ್ಟ."

ಗೆರೆಯಮ್ಮ ಅಕ್ಕನ ಕೈ ಹಿಡಿಯಲು ಹೋದಳು. ಅಕ್ಕ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಅಳಬೇಡ. ನೀನು ಅತ್ತರೆ ನಾನು ಸಮಾಧಾನ ಮಾಡಬೇಕಾಗುತ್ತೆ. ಅದೂ ನನ್ನ ಪಾಲಿಗೇ ಬರೋದು ಬೇಡ. ಹುಡುಗಿ ಬರಲಿ, ನಿನ್ನ ಬಾಯಿಂದಲೇ ಹೇಳು. ನನ್ನ ಕೈ ಕೆಟ್ಟದ್ದು ಅಂತ ಕೇಳ್ಕೊಂಡೇ ಬೆಳೆದವಳು ಅವಳು."

ಹುಡುಗಿ ಬಂದಳು. ಗೆರೆಯಮ್ಮ ಎರಡನೇ ಸಲ ಹೇಳಿದಳು. ಎರಡನೇ ಸಲ ಸುಲಭವಾಗಲಿಲ್ಲ. ಹುಡುಗಿ ಗುಂಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಅಜ್ಜಿಯನ್ನು ನೋಡಿದಳು, ಚಿಕ್ಕಜ್ಜಿಯನ್ನು ನೋಡಿದಳು.

ಮಾರನೆಯ ದಿನ ಅಕ್ಕ ಬಸ್ಸು ಹತ್ತುವಾಗ ಮೊಮ್ಮಗಳಿಗೆ "ನೀನು ಕಲಿ, ನಾನು ಅಡ್ಡ ಬರಲ್ಲ" ಎಂದಳು. ತಂಗಿಯ ಕಡೆ ತಿರುಗದೆ ಒಳಗೆ ಹೋಗಿ ಕೂತಳು.

ಹುಡುಗಿ ಉಳಿದಳು. ಮೂರು ದಿನ ತಲೆಯೆತ್ತದೆ ಜಾಕೆಟ್ಟು ಹೊಲಿದಳು. ತೋಳು ಕೂರಿಸುವುದನ್ನು ಗೆರೆಯಮ್ಮ ತೋರಿಸಿಕೊಟ್ಟಳು. ಹೀಗೇ ನಿಂತುಬಿಡುತ್ತಾಳೇನೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು, ಅಂಗಡಿ ಹಿಂದಿನ ಕೋಣೆಯನ್ನೂ ಗುಡಿಸಿದಳು. ಜಾಕೆಟ್ಟು ಮುಗಿದ ಬೆಳಗ್ಗೆ ಹುಡುಗಿ ಚೀಲ ಹಿಡಿದು ಬಂದು ನಿಂತಳು.

"ಅಜ್ಜಿ ಮನೆ ಹಿಂದಿನ ಬೀದೀಲಿ ಒಬ್ಬ ದರ್ಜಿ ಇದ್ದಾನೆ ಚಿಕ್ಕಜ್ಜಿ. ಅಲ್ಲಿ ಕಲೀತೀನಿ."

"ಅವನು ನನ್ನಷ್ಟು ಹೇಳಿಕೊಡ್ತಾನಾ?"

"ಇಲ್ಲ. ಗೊತ್ತು. ಆದ್ರೆ ಅಜ್ಜಿ ಕತ್ತರಿ ಕಳ್ಕೊಂಡ ಮೇಜಿನ ಮುಂದೆ ನನಗೆ ನಿಲ್ಲೋಕಾಗಲ್ಲ."

ಗೆರೆಯಮ್ಮ ತಡೆಯಲು ಒಂದು ಮಾತು ಹುಡುಕಿದಳು. ತನಗೆ ಅದನ್ನು ಆಡುವ ಹಕ್ಕಿಲ್ಲ ಎನಿಸಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು.

ಅಕ್ಕ ಹೋದದ್ದು ಮಂಗಳವಾರ. ಹುಡುಗಿ ಹೋದದ್ದು ಶುಕ್ರವಾರ.