ಬಿದ್ದುಕೊಟ್ಟವರು

ಈ ಕತೆ ಹೇಳುವ ಯೋಗ್ಯತೆ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳಬೇಕು. ಕುಸ್ತಿಯ ಗಂಧಗಾಳಿ ನನಗಿಲ್ಲ. ಜಪಾನಿ ಭಾಷೆಯ ಒಂದಕ್ಷರವೂ ಬಾರದು. ಕರಡು ತಿದ್ದುವವರ ಕೆಲಸವನ್ನು ಒಂದಿಷ್ಟು ಹತ್ತಿರದಿಂದ ಕಂಡಿದ್ದೇನೆ, ಅಷ್ಟೇ. ಬಲ್ಲವರು ಯಾರಾದರೂ ಹೇಳಿಯಾರು ಎಂದು ಕಾದೆ, ಯಾರೂ ಹೇಳುವ ಹಾಗೆ ಕಾಣಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಒತ್ತಕ್ಷರ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಇಳಿಜಾರು ಕೋಣೆಯಲ್ಲಿ, ಎದ್ದರೆ ತಲೆ ತಾಗುವ ಜಾಗದಲ್ಲಿ ಕೂತು, ಇಪ್ಪತ್ತೆರಡು ವರ್ಷದಿಂದ ಊರವರ ಬರಹವನ್ನೆಲ್ಲ ತಿದ್ದುತ್ತಿದ್ದ. ಬಿಟ್ಟುಹೋದ ಒಂದು ಒತ್ತು ಅವನಿಗೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ಆದರೆ ಸ್ವಂತದ್ದು ಎಂದು ಒಂದು ಸಾಲನ್ನೂ ಅವನು ಬರೆದವನಲ್ಲ. ಬರೆದರೆ ತಪ್ಪಾದೀತಲ್ಲ.

ಅವನು ಹೆದರುತ್ತಿದ್ದದ್ದು ಎರಡಕ್ಕೆ. ಒಂದು ನಿಘಂಟು, ಇನ್ನೊಂದು ಹೆಂಡತಿಯ ಅಪ್ಪ.

ಮಾವ ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುವ ಕೆಲಸದಲ್ಲಿದ್ದರು. ಅದಕ್ಕೂ ಮೊದಲು, ಪ್ರಾಯದಲ್ಲಿ, ಎಂಟು ವರ್ಷ ಒಂದು ಕುಸ್ತಿ ಕಂಪನಿಯ ಜೊತೆ ಊರೂರು ಸುತ್ತಿದ್ದರು. ಯಾರು ಗೆಲ್ಲಬೇಕು ಎಂದು ಮೊದಲೇ ಮಾತಾಡಿಕೊಂಡು ಆಡುವ, ಟಿಕೆಟಿಟ್ಟು ತೋರಿಸುವ ಕುಸ್ತಿ ಅದು. ಅದರಲ್ಲಿ ಮಾವನ ಪಾಲಿಗೆ ಬಂದದ್ದು ಸೋಲುವ ಕೆಲಸ. ಎಂಟು ವರ್ಷವೂ ಸೋತರು. ಮಗಳ ಮದುವೆಯ ದಿನ ದೂರದ ನೆಂಟನೊಬ್ಬ, ಒಂದು ಸಲವಾದರೂ ಗೆದ್ದದ್ದುಂಟಾ ಎಂದು ಅವರನ್ನು ಕೇಳಿದಾಗ ಪಕ್ಕದಲ್ಲೇ ನಿಂತಿದ್ದ ಮದುಮಗ ನಕ್ಕುಬಿಟ್ಟಿದ್ದ. ಬೇಕೆಂದು ನಕ್ಕದ್ದಲ್ಲ. ಎಲ್ಲರೂ ನಕ್ಕರು, ಇವನ ಬಾಯಿಯೂ ತೆರೆದುಕೊಂಡಿತು. ಮಾವ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅವತ್ತಿನಿಂದ ಹನ್ನೊಂದು ವರ್ಷ, ಅಳಿಯನ ಜೊತೆ ಅವರ ಮಾತು ಬನ್ನಿ, ಕೂತ್ಕೊಳ್ಳಿ, ಹುಷಾರಾಗಿ ಹೋಗಿ ಎಂಬ ಮೂರರ ಆಚೆ ದಾಟಲಿಲ್ಲ. ಆ ನಗುವನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಒತ್ತಕ್ಷರನಿಗೆ ಹೊಳೆಯಲೂ ಇಲ್ಲ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯೂ ಅತ್ತೆಯೂ ಬಾಣಂತಿಯೊಬ್ಬಳನ್ನು ನೋಡಿಬರಲು ಹೋದರು. ಮಾವನ ಮನೆಯ ಹಾಲಿನಲ್ಲಿ ಗಂಡಸರಿಬ್ಬರೇ ಉಳಿದರು. ಅರ್ಧ ಗಂಟೆ ಫ್ಯಾನು ಒಂದೇ ಮಾತಾಡಿತು. ಆಮೇಲೆ ಮಾವ ಎದ್ದು, ಕಪಾಟಿನ ಮೇಲಿನಿಂದ ಒಂದು ಹಳೇ ವೀಡಿಯೊ ಕ್ಯಾಸೆಟ್ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಯಂತ್ರದ ಬಾಯಿಗೆ ತುರುಕಿದರು. ನೋಡ್ತೀರಾ ಎಂದು ಕೇಳಲಿಲ್ಲ.

ಜಪಾನಿನ ಕುಸ್ತಿ ಪ್ರದರ್ಶನ, ಮಾವನ ಕಂಪನಿಯದರ ಹಾಗೇ ಮೊದಲೇ ಮಾತಾಡಿಕೊಂಡು ಆಡುವಂಥದ್ದು. ಯಾರೋ ಯಾವ ಕಾಲದಲ್ಲೋ ಟಿವಿಯಿಂದ ಹಿಡಿದಿಟ್ಟದ್ದರ ನಕಲಿನ ನಕಲು. ಕೆಂಪು ಬಣ್ಣ ಗೆರೆ ದಾಟಿ ಹರಡಿತ್ತು. ವಿವರಣೆ ಹೇಳುವವನು ಒಂದೇ ಉಸಿರಿಗೆ ಜಪಾನಿಯಲ್ಲಿ ಸುರಿಸುತ್ತಿದ್ದುದರಿಂದ ಯಾರ ಹೆಸರು ಏನೆಂದು ಮಾವನಿಗೂ ಗೊತ್ತಿರಲಿಲ್ಲ. ಚಡ್ಡಿಯ ಬಣ್ಣ, ವೇಷ ನೋಡಿ ತಾವೇ ಹೆಸರಿಟ್ಟುಕೊಂಡಿದ್ದರು: ನೀಲಿ, ಹಳದಿ, ದೈತ್ಯ, ಹಕ್ಕಿ.

ಐದು ಆಟಗಳು. ಮೊದಲನೆಯದರಲ್ಲಿ ಕಪ್ಪು ಚಡ್ಡಿಯ ಇಬ್ಬರು ಹೊಸಬರು, ಕೈ ತಿರುಚುವುದು, ಕಾಲು ಮಡಚುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಒತ್ತಕ್ಷರನಿಗೆ ಆಕಳಿಕೆ ಬಂತು. ಆಗಲೇ ಮಾವ ಮಾತಾಡಿದ್ದು. ಮೊದಲ ಆಟದವರು ಹೀಗೇ ಆಡಬೇಕು, ದೊಡ್ಡ ಪಟ್ಟುಗಳನ್ನೆಲ್ಲ ಇವರೇ ಖರ್ಚು ಮಾಡಿದರೆ ಕೊನೆಯವರಿಗೆ ಏನು ಉಳಿಯುತ್ತೆ ಎಂದರು. ಪರದೆಯನ್ನು ನೋಡುತ್ತಲೇ ಹೇಳಿದರು. ಒತ್ತಕ್ಷರ ಉಸಿರು ಬಿಗಿಹಿಡಿದು ಕೂತ. ಅಲ್ಲಾಡಿದರೆ ಮಾತು ನಿಂತೀತು ಎಂಬ ಭಯ.

ಮಾತು ನಿಲ್ಲಲಿಲ್ಲ. ಎರಡನೆಯದರಲ್ಲಿ ಬೊಕ್ಕತಲೆಯ ಮುದುಕರು ಕಣದ ಸುತ್ತಿನ ಹಗ್ಗಕ್ಕೆ ಸಿಕ್ಕಿ ಜಾರಿ ನಗಿಸುವುದಕ್ಕೆ ಎಷ್ಟು ಲೆಕ್ಕಾಚಾರ ಬೇಕು ಎಂದರು. ಮೂರನೆಯದರ ಮುಖವಾಡದ ಹಕ್ಕಿ ಮೇಲಿನ ಹಗ್ಗದಿಂದ ಹಾರಿದ್ದೇ ಹಾರಿದ್ದು. ಕೈಗೆ ಸಿಕ್ಕವನನ್ನು ಮರೆತು ಚಪ್ಪಾಳೆಯ ಕಡೆಗೇ ನೋಡ್ತಾನೆ ಎಂದು ಮಾವ ಮೂಗು ಮುರಿದರು. ನಾಲ್ಕನೆಯದು ಪರದೇಶದ ದೈತ್ಯನದ್ದು. ಅವನು ಎದುರಾಳಿಯನ್ನು ಕಣದಿಂದಾಚೆ ಎಳೆದು, ಪ್ರೇಕ್ಷಕರ ನಡುವೆ ಕುರ್ಚಿ ಎತ್ತಿ ಎಸೆದು, ಜನ ದಿಕ್ಕಾಪಾಲಾಗಿ ಓಡಿ, ತೀರ್ಪುಗಾರನ ಎಣಿಕೆ ಮುಗಿಯುವುದರೊಳಗೆ ಇಬ್ಬರೂ ಕಣಕ್ಕೆ ಮರಳದೆ, ಯಾರೂ ಗೆಲ್ಲದೆ ಆಟ ಮುಗಿಯಿತು. ಆ ಹೊತ್ತಿಗೆ ಬಾಗಿಲಿಗೆ ಯಾರೋ ಬಂದರೆಂದು ಮಾವ ಎದ್ದುಹೋಗಿದ್ದರಿಂದ ಅದಕ್ಕೆ ಅವರ ವ್ಯಾಖ್ಯಾನ ಸಿಗಲಿಲ್ಲ.

ಐದನೆಯದು ನಲವತ್ತು ನಿಮಿಷ. ನಡುವಯಸ್ಸು ದಾಟಿದ ನೀಲಿ, ಮೇಲೆ ಬರುತ್ತಿರುವ ಹಳದಿ. ಮೊದಲ ಹತ್ತು ನಿಮಿಷ ನೀಲಿ, ಹಳದಿ ಹುಡುಗನ ಎಡತೋಳನ್ನು ಬಿಡಲೇ ಇಲ್ಲ. ಬಟ್ಟೆ ಹಿಂಡುವವರ ಹಾಗೆ ತಾಳ್ಮೆಯಿಂದ ಹಿಂಡಿದ. ಹಳದಿ ತಪ್ಪಿಸಿಕೊಂಡಾಗ ಇಡೀ ಸಭಾಂಗಣ ಕಾಲಿನಿಂದ ನೆಲ ಬಡಿಯಿತು. ಕೊನೆಗೆ ಹಳದಿ ಹಿಂದಿನಿಂದ ನೀಲಿಯ ಸೊಂಟ ತಬ್ಬಿ, ಎತ್ತಿ, ತನ್ನ ತಲೆಯ ಮೇಲಿಂದ ಹಿಂದಕ್ಕೆ ಒಗೆದ. ಒಂದು, ಎರಡು, ಮೂರು ಎಂದು ತೀರ್ಪುಗಾರ ನೆಲ ತಟ್ಟಿದ.

“ಬಿದ್ದ ಪಾಪ,” ಎಂದ ಒತ್ತಕ್ಷರ.

ಮಾವ ಟೇಪನ್ನು ಹಿಂದಕ್ಕೆ ಓಡಿಸಿದರು. ಮೂರು ಸಲ ತೋರಿಸಿದರು. ಮೂರನೆಯ ಸಲಕ್ಕೆ ಕಂಡಿತು: ಎತ್ತುವಾಗ ಹುಡುಗನ ಎಡಗೈ, ನೋವಾಗಿದ್ದ ಅದೇ ಕೈ, ಜಾರಿತ್ತು. ಎತ್ತುವುದು ಅರ್ಧಕ್ಕೇ ನಿಲ್ಲಬೇಕಿತ್ತು. ಆ ಚಿಟಿಕೆ ಹೊತ್ತಿನಲ್ಲಿ ನೀಲಿ ತಾನೇ ಹಿಮ್ಮಡಿಯಿಂದ ನೆಲ ಒದ್ದು ಮೇಲಕ್ಕೆ ಹೋಗಿದ್ದ. ಗದ್ದವನ್ನು ಎದೆಗೊತ್ತಿ, ಎರಡೂ ಅಂಗೈಯಿಂದ ನೆಲ ಬಡಿದು, ಭುಜದ ಮೇಲೆ ಇಳಿದಿದ್ದ.

“ಬಿದ್ದಿಲ್ಲ,” ಎಂದರು ಮಾವ. “ಬಿದ್ದುಕೊಟ್ಟ. ಬರೆದುಕೊಟ್ಟ, ಹೊಲಿದುಕೊಟ್ಟ ಅನ್ನಲ್ವಾ, ಇನ್ನೊಬ್ಬರಿಗೋಸ್ಕರ ಮಾಡಿದ್ರೆ? ಹಾಗೆ. ನಮ್ಮ ಕಂಪನಿಯಲ್ಲಿ ಎಲ್ಲರೂ ಹೀಗೇ ಅಂತಿದ್ದದ್ದು.” ಟೇಪನ್ನು ಮುಂದಕ್ಕೆ ಬಿಟ್ಟು, “ಗೆದ್ದೋನನ್ನ ಎಲ್ಲರೂ ನೋಡ್ತಾರೆ. ನೀವು ಎಡಗಡೆ ಮೂಲೆ ನೋಡಿ,” ಎಂದರು.

ಪರದೆಯ ನಡುವೆ ಹಳದಿ ಅಳುತ್ತ ಕೈಯೆತ್ತಿ ನಿಂತಿದ್ದ. ಎಡಮೂಲೆಯಲ್ಲಿ, ಕ್ಯಾಮೆರಾ ಮರೆತ ಕಡೆ, ನೀಲಿ ಕುತ್ತಿಗೆ ಹಿಡಿದುಕೊಂಡು ಹಗ್ಗದ ಕೆಳಗಿನಿಂದ ನುಸುಳಿ ನಡೆದುಹೋಗುತ್ತಿದ್ದ. ಮಾವನ ಕೈ ಅವರಿಗೇ ಗೊತ್ತಿಲ್ಲದ ಹಾಗೆ ತಮ್ಮ ಕುತ್ತಿಗೆಗೆ ಹೋಗಿತ್ತು. ಒತ್ತಕ್ಷರ ಅದನ್ನೂ ನೋಡಿದ.

ಮಾರನೆಯ ದಿನವೇ ಅವಕಾಶ ತಾನಾಗಿ ಬಂತು. ಮುದ್ರಣಾಲಯದ ಯಜಮಾನರ ಅಕ್ಕ ಓದುಗರ ಬಳಗಕ್ಕೆಂದು ಒಂದು ಸಣ್ಣ ಮಾಸಪತ್ರಿಕೆ ನಡೆಸುತ್ತಿದ್ದರು. ಬರೆಯುತ್ತೇನೆಂದವರು ಕೈಕೊಟ್ಟು ಎರಡು ಪುಟ ಖಾಲಿ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಕಂಡವರ ಮೂಗು ಒರೆಸಿದ್ದು ಸಾಕು, ನೀನೇ ಏನಾದರೂ ಬರಿ, ನೋಡಿದ ಸಿನಿಮಾ ಆದರೂ ಸರಿ ಎಂದು ಆಕೆ ಒತ್ತಕ್ಷರನ ಬೆನ್ನು ಹತ್ತಿದರು. ಅವನು ಸಿನಿಮಾ ನೋಡಿ ಆರು ವರ್ಷವಾಗಿತ್ತು. ನೋಡಿದ್ದೆಂದರೆ ಆ ಕುಸ್ತಿ.

ಮೂರು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬರೆದ. ಪ್ರತಿ ಆಟಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದ. ಹೊಸಬರಿಗೆ ಏಳು, ಮುದುಕರಿಗೆ ಎಂಟು, ಹಕ್ಕಿಗೆ ಐದು. ನಾಲ್ಕನೆಯದಕ್ಕೆ, ಗೆಲುವೂ ಇಲ್ಲ ಸೋಲೂ ಇಲ್ಲ ಬರೀ ಗದ್ದಲ ಎಂದು, ಮೂರು. ಕೊನೆಯದಕ್ಕೆ ಹತ್ತಕ್ಕೆ ಹತ್ತು ಕೊಟ್ಟು, ಅದರಲ್ಲಿ ಒಂಬತ್ತು ನೀಲಿಗೆ, ಒಂದು ಹಳದಿಗೆ ಎಂದು ಬರೆದ. ಅಪ್ಪ ಇಷ್ಟೊಂದು ಮಾತಾಡಿದ್ರಾ, ನನ್ನ ಹತ್ತಿರ ಹಾಲು ಬಂತಾ ಅಂತಷ್ಟೇ ಕೇಳೋದು ಎಂದು ಹೆಂಡತಿ ನಂಬಲಿಲ್ಲ. ಆಮೇಲೆ ಕೊನೆಯ ಸಾಲುಗಳನ್ನು ಎರಡು ಸಲ ಓದಿದಳು. ‘ನೀಲಿಯಷ್ಟು ಚೆಂದವಾಗಿ ಬಿದ್ದುಕೊಟ್ಟವರನ್ನು ನಾನು ಕಂಡಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ತಪ್ಪು. ನನ್ನ ಮಾವ ಎಂಟು ವರ್ಷ ಊರೂರಲ್ಲಿ ಹೀಗೇ ಬಿದ್ದುಕೊಟ್ಟವರು. ನನಗೆ ತಡವಾಗಿ ತಿಳಿಯಿತು.’ ನಿಮ್ಮ ಅಳಿಯ ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದಾರೆ ಎಂದು ಅವಳು ಅಪ್ಪನಿಗೆ ಹೇಳಿಯೂ ಬಿಟ್ಟಳು.

ತನ್ನ ಬರಹದ ಕರಡನ್ನು ತಾನೇ ತಿದ್ದಬಾರದು ಎಂಬುದು ಆ ಮುದ್ರಣಾಲಯದ ನಿಯಮ. ಮಾಡಿದವನು ಒತ್ತಕ್ಷರನೇ. ಹಾಗಾಗಿ ಅದು ಕರಡು ತಿದ್ದುವ ಎರಡನೆಯ ಮೇಜಿನವಳಿಗೆ ಹೋಯಿತು. ಅವಳು ಇವನ ಕೈಕೆಳಗೇ ನಾಲ್ಕು ವರ್ಷ ಪಳಗಿದವಳು.

ಶುಕ್ರವಾರ ಸಂಜೆ ಪತ್ರಿಕೆಯ ಕಟ್ಟು ಬಂತು. ಒತ್ತಕ್ಷರನಿಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಲು ನಾಚಿಕೆ. ತೆರೆಯದೆಯೇ ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದನ್ನು ಡಿಪೋದಲ್ಲಿ ಅಪ್ಪನ ಕೈಗೆ ಕೊಟ್ಟಳು. ಇವನು ಹತ್ತೂವರೆಗೆ, ಕೋಣೆಯಲ್ಲಿ ಯಾರೂ ಇಲ್ಲದಾಗ, ಇನ್ನೊಂದು ಪ್ರತಿಯ ಹದಿನಾಲ್ಕನೆಯ ಪುಟ ತೆರೆದ.

‘ನೀಲಿಯಷ್ಟು ಚೆಂದವಾಗಿ ಬಿದ್ದುಕೊಂಡವರನ್ನು ನಾನು ಕಂಡಿಲ್ಲ...’

ಒಂದು ಒತ್ತು ಹೋಗಿ ಒಂದು ಸೊನ್ನೆ ಬಂದಿತ್ತು, ಒಂಬತ್ತು ಕಡೆ. ಇಡೀ ಬರಹದಲ್ಲಿ ಆ ಮಹಾ ಮಲ್ಲ ಕೆಲಸಗಳ್ಳನ ಹಾಗೆ ಅಲ್ಲಲ್ಲಿ ಬಿದ್ದುಕೊಳ್ಳುತ್ತಿದ್ದ. ಕಣ್ಣು ಮತ್ತೆ ಕೊನೆಯ ಸಾಲುಗಳಿಗೆ ಓಡಿತು. ‘ನನ್ನ ಮಾವ ಎಂಟು ವರ್ಷ ಊರೂರಲ್ಲಿ ಹೀಗೇ ಬಿದ್ದುಕೊಂಡವರು.’

ಎರಡನೆಯ ಮೇಜಿನವಳು ಬಂದಾಗ ಅವನು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ.

“ನೀವೇ ಹೇಳಿಕೊಟ್ಟದ್ದು, ಸರ್,” ಎಂದಳು ಅವಳು. “ನಿಘಂಟಿನಲ್ಲಿ ಇಲ್ಲದ ಮಾತು ಬಂದು, ಪಕ್ಕದಲ್ಲಿ ‘ಇರಲಿ’ ಅಂತ ಬರೆದಿಲ್ಲದಿದ್ರೆ, ತಿದ್ದು ಅಂತ. ನೀವು ಬರೆದಿರಲಿಲ್ಲ. ನಿಮ್ಮ ಮರ್ಯಾದೆ ಹೋಗಬಾರದು ಅಂತ ಒಂದೂ ಬಿಡದೆ ತಿದ್ದಿದೆ.”

ಅವಳು ಹೇಳಿದ್ದು ಸರಿ. ಬೇಕೆಂದೇ ಬಳಸಿದ ವಿಚಿತ್ರ ಮಾತಿನ ಕೆಳಗೆ ಚುಕ್ಕಿ ಇಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯದ ಲೇಖಕರನ್ನು ಅವನೆಷ್ಟು ಬೈದಿದ್ದನೋ. ತಾನು ಬರೆಯುವಾಗ ಮಾತ್ರ ಅದು ವಿಚಿತ್ರವೆಂದು ಅನಿಸಲೇ ಇಲ್ಲ. ಆ ಭಾನುವಾರದಿಂದೀಚೆಗೆ ಅದು ಅವನಿಗೆ ಹುಟ್ಟಿದಾಗಿನಿಂದ ಕೇಳಿದ ಮಾತಾಗಿತ್ತು. ಬೈಯಲು ಯಾರೂ ಸಿಗಲಿಲ್ಲ. ಅವಳನ್ನು ಕೂರಿಸಿ ವಿಷಯ ಹೇಳಿದ. ಅವಳು ಕಣ್ಣೊರೆಸಿಕೊಂಡು, ಅಂಚೆಗೆ ಹೋಗದೆ ಉಳಿದ ಪ್ರತಿಗಳ ಕಟ್ಟು ಬಿಚ್ಚಿ, ಕಪ್ಪು ಪೆನ್ನಿನಿಂದ ‘ಂಡ’ ಹೊಡೆದು ‘ಟ್ಟ’ ಬರೆಯಲು ಕೂತಳು. ಅವನು ಒಂದನ್ನು ತಾನೇ ತಿದ್ದಿ, ಅದನ್ನು ಹಿಡಿದು ಡಿಪೋದ ಕಡೆ ಓಡಿದ.

ಸೀಟಿನ ಶೆಡ್ಡು ಡಿಪೋದ ಹಿಂಭಾಗದಲ್ಲಿತ್ತು. ಡೀಸೆಲ್, ರೆಕ್ಸಿನ್, ಅಂಟಿನ ವಾಸನೆ. ಮಾವ ಮಂಡಿಯ ನಡುವೆ ಸೀಟೊಂದನ್ನು ಸಿಕ್ಕಿಸಿಕೊಂಡು ದಬ್ಬಳ ಎಳೆಯುತ್ತಿದ್ದರು. ಬೆಳಿಗ್ಗೆ ಕೊಟ್ಟ ಪ್ರತಿ ಕೆಲಸದ ಮೇಜಿನ ಮೇಲೆ, ದೊಡ್ಡ ಕತ್ತರಿಯ ಕೆಳಗೆ, ಎರಡಾಗಿ ಮಡಚಿಕೊಂಡು ಕೂತಿತ್ತು. ಒತ್ತಕ್ಷರನ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಅಚ್ಚಿನಲ್ಲಿ ತಪ್ಪಾಗಿದೆ, ಇದು ಸರಿಯಾದದ್ದು, ದಯವಿಟ್ಟು ಇದನ್ನು ಓದಿ ಎಂದಷ್ಟೇ ಹೇಳಲಾಯಿತು. ಏನು ತಪ್ಪು ಎಂದು ಮಾವ ಕೇಳಲಿಲ್ಲ. ಕನ್ನಡಕ ಏರಿಸಿ, ಕೈಯ ಅಂಟನ್ನು ತೊಡೆಗೆ ಒರೆಸಿ, ನಿಂತವನ ಎದುರಿಗೇ ಓದತೊಡಗಿದರು. ಬೆರಳು ಸಾಲಿನುದ್ದಕ್ಕೂ ನಿಧಾನವಾಗಿ ಹೋಗುತ್ತಿತ್ತು, ತುಟಿ ಅದರ ಹಿಂದೆ. ತಿದ್ದಿದ ಒಂಬತ್ತೂ ಕಡೆ ಬೆರಳು ನಿಂತಿತು. ಕೊನೆಯ ಸಾಲಿನಲ್ಲಿ ತುಸು ಹೆಚ್ಚು ಹೊತ್ತು ನಿಂತಿತೆಂದು ಒತ್ತಕ್ಷರನಿಗೆ ಅನಿಸಿತು. ಶಾಯಿ ಹಸಿಯಿದ್ದುದರಿಂದಲೂ ಇರಬಹುದು.

ಓದಿ ಮುಗಿಸಿ ಅವರು ತಲೆಯೆತ್ತಿದರು.

“ನಾಲ್ಕನೇ ಆಟಕ್ಕೆ ಮೂರು ಯಾಕೆ ಕೊಟ್ಟೆ?”

ಹನ್ನೊಂದು ವರ್ಷದಲ್ಲಿ ಅಳಿಯನಿಗೆ ಅವರು ಏಕವಚನ ಬಳಸಿದ್ದು ಅದೇ ಮೊದಲು. ಒತ್ತಕ್ಷರ ಗೆಲುವು, ಸೋಲು, ಮುಕ್ತಾಯ ಎಂದು ಏನೋ ತೊದಲಿದ.

“ಜನ ಓಡಿದ್ರಲ್ಲ, ಆಗ ಮುಂದಿನ ಸಾಲಲ್ಲಿ ಒಬ್ಬಳು ಮುದುಕಿ ಏಳಕ್ಕಾಗದೆ ಕೂತೇ ಇದ್ದಳು. ಆ ದೈತ್ಯ ಕುರ್ಚಿ ಎತ್ತೋ ಮುಂಚೆ ಅವಳಿಗೆ ಅಡ್ಡ ನಿಂತ. ಎಸೆದದ್ದೆಲ್ಲ ಆಚೆ ಕಡೆಗೆ. ರಾಕ್ಷಸನ ಹಾಗೆ ಕಿರುಚ್ತಾ, ಒಂದು ಕಾಲು ಅವಳ ಕುರ್ಚಿಗೆ ತಾಗಿಸಿಕೊಂಡೇ ಇದ್ದ, ಎಲ್ಲಿದ್ದಾಳೆ ಅಂತ ಗೊತ್ತಾಗಲಿ ಅಂತ. ನೀನು ಕುರ್ಚಿ ನೋಡಿದೆ. ಅವನ ಕಾಲು ನೋಡಲಿಲ್ಲ. ಏಳು ಕೊಡಬೇಕಿತ್ತು.”

ಏಳು ಜಾಸ್ತಿಯಾಯಿತು, ಆರು ಎಂದ ಒತ್ತಕ್ಷರ, ಎಲ್ಲಿಂದ ಧೈರ್ಯ ಬಂತೋ. ಆರೂವರೆಗಿಂತ ಕಮ್ಮಿ ಆದರೆ ಆಟವೇ ಗೊತ್ತಿಲ್ಲದವನು ಬರೆದದ್ದು ಎಂದಾಗುತ್ತೆ ಎಂದರು ಮಾವ. ದಬ್ಬಳಕ್ಕೆ ದಾರ ಪೋಣಿಸುತ್ತ, ದೈತ್ಯನ ಕಾಲಿನ ಬಗ್ಗೆ, ಹಗ್ಗ ಹಿಡಿಯುವ ರೀತಿಯ ಬಗ್ಗೆ, ಭಾರದ ಮನುಷ್ಯ ಹಗುರಾಗಿ ಬೀಳುವುದು ಎಷ್ಟು ಕಷ್ಟ ಎಂಬುದರ ಬಗ್ಗೆ ಹೇಳುತ್ತಲೇ ಹೋದರು. ಪಕ್ಕದಲ್ಲಿದ್ದ ಹರಿದ ಸೀಟಿನ ಮೇಲೆ ಅಳಿಯ ಕೂತ. ಊಟದ ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಲಿಲ್ಲ.

ಇಷ್ಟು ನನಗೆ ಗೊತ್ತಿರುವುದು. ಹೆಂಡತಿ ಆ ಪ್ರತಿಯನ್ನು ಕೊಟ್ಟದ್ದು ಒಂಬತ್ತಕ್ಕೆ, ಒತ್ತಕ್ಷರ ಡಿಪೋ ಮುಟ್ಟಿದ್ದು ಹನ್ನೊಂದೂವರೆ ದಾಟಿ. ಎರಡು ಪುಟ ಓದಲು ಅಷ್ಟು ಹೊತ್ತು ಧಾರಾಳ ಸಾಕು; ಓದದೆ ಕತ್ತರಿಯ ಕೆಳಗೆ ಇಟ್ಟು ಕೆಲಸಕ್ಕೆ ಕೂತಿರಲೂ ಬಹುದು. ಮಾವ ಅವತ್ತು ಮನೆಗೆ ಒಯ್ದದ್ದು ಒಂದೇ ಪ್ರತಿ, ಪೆನ್ನಿನಿಂದ ತಿದ್ದಿದ್ದು. ಇನ್ನೊಂದು ಏನಾಯಿತೆಂದು ಅತ್ತೆಗೂ ತಿಳಿಯದು. ಅದನ್ನು ಅವರು ಮೊದಲೇ ಓದಿದ್ದರೋ ಇಲ್ಲವೋ, ಒತ್ತಕ್ಷರ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೂ ಗೊತ್ತಿಲ್ಲ.